ಕೋಟಮ್ಮ ತನ್ನ ತಲೆಗೆ ತಾನೇ ಕತ್ತರಿ ಹಾಕಿದ್ದು

ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದ ಕೈ ತನ್ನದು, ತನ್ನ ತಲೆಗೂದಲು ಕತ್ತರಿಸಲು ಇನ್ನೊಬ್ಬರ ಮುಂದೆ ತಲೆ ತಗ್ಗಿಸುವ ಪ್ರಶ್ನೆಯೇ ಇಲ್ಲ ಎಂದು ಕೋಟಮ್ಮ ಒಂದು ಭಾನುವಾರ ತಿಂಡಿಯ ಹೊತ್ತಿಗೆ ಮನೆಯವರೆಲ್ಲರ ಎದುರು ಘೋಷಿಸಿದಳು. ಮನೆಯವರೆಲ್ಲರೂ ಎಂದರೆ ಇಬ್ಬರು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಗಂಡ, ಮತ್ತು ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದ ಅತ್ತೆ. ಗಂಡ ಪೇಪರಿನಿಂದ ಕಣ್ಣೆತ್ತಲಿಲ್ಲ. ಅತ್ತೆ ಮಾತ್ರ ಸೊಸೆಯ ಜಡೆಯನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿ, "ಅರಿವಳಿಕೆ ಕೊಡೋರು ಯಾರು?" ಎಂದು ಕೇಳಿದರು.

ಕೋಟಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಕೊಟ್ಟ ಬಿರುದು. ಅವಳು ಹೊಲಿದ ಕೋಟು ತೊಟ್ಟರೆ ಎಂಥ ಪುಕ್ಕಲನೂ ಎದೆ ಸೆಟೆಸಿ ನಡೆಯುತ್ತಾನೆ ಎಂಬ ಮಾತಿತ್ತು. ಆ ಮಾತನ್ನು ಮೊದಲು ಆಡಿದವಳು ಅವಳೇ ಎಂದು ಗಂಡ ಹೇಳುತ್ತಾನೆ. ಅದು ಬೇರೆ ವಿಷಯ.

ಇನ್ನು ಅವಳ ಕೂದಲು. ಜಡೆ ಹಾಕಿದರೆ ಬಾವಿ ಹಗ್ಗದಷ್ಟು ದಪ್ಪ. ವರ್ಷಕ್ಕೆ ನಾಲ್ಕು ಬಾಚಣಿಗೆಗಳು ಅದರೊಳಗೆ ವೀರಮರಣ ಹೊಂದುತ್ತಿದ್ದವು. ತೊಳೆದರೆ ಒಣಗಲು ಅರ್ಧ ದಿನ. ಕತ್ತರಿಸುವ ಮೇಜಿನ ಮೇಲೆ ಬಾಗಿದಾಗಲೆಲ್ಲ ಜಡೆ ಹೆಗಲಿನಿಂದ ಜಾರಿ, ಸೀಮೆಸುಣ್ಣದ ಗೆರೆಯ ಮೇಲೆ ಬೆಕ್ಕಿನ ಹಾಗೆ ಬಂದು ಮಲಗುತ್ತಿತ್ತು. ಇಸ್ತ್ರಿಯ ಹಬೆಗೆ ಕತ್ತು ಬೆಂದು ಹೋಗುತ್ತಿತ್ತು. ಆದ್ದರಿಂದ ಕಿವಿ ಕಾಣುವಂತೆ, ಕತ್ತಿಗೆ ಗಾಳಿಯಾಡುವಂತೆ ಪಿಕ್ಸಿ ಕಟ್ ಮಾಡಿಸಿಕೊಳ್ಳುವುದೆಂದು ಅವಳು ತೀರ್ಮಾನಿಸಿದ್ದಳು. ಅದೂ ಸೋಮವಾರದೊಳಗೆ. ಯಾಕೆಂದರೆ ಸೋಮವಾರ ಹನ್ನೊಂದು ಗಂಟೆಗೆ ಊರಿನ ದೊಡ್ಡ ಹೋಟೆಲಿನ ಮ್ಯಾನೇಜರಮ್ಮನಿಗೆ ಅವಳು ಮಾದರಿ ಕೋಟು ತೋರಿಸಬೇಕಿತ್ತು. ಅರವತ್ತು ಜನ ಸಿಬ್ಬಂದಿಯ ಕೋಟು. ಆ ಆರ್ಡರ್ ಸಿಕ್ಕರೆ ಅಂಗಡಿಯಲ್ಲಿ ಹೊಲಿಯುವ ಇಬ್ಬರು ಹೆಂಗಸರಿಗೆ ವರ್ಷವಿಡೀ ಕೈತುಂಬ ಕೆಲಸ. ಸಿಗದಿದ್ದರೆ ಅವರಲ್ಲೊಬ್ಬರನ್ನು ಮನೆಗೆ ಕಳಿಸಬೇಕಾಗುತ್ತಿತ್ತು.

ಶನಿವಾರವೇ ಅವಳು ಎದುರು ಸಾಲಿನ ಕೂದಲಂಗಡಿಗೆ ಹೋಗಿದ್ದಳು. ಅಂಗಡಿಯ ಹುಡುಗಿ ತನ್ನ ಬೋರ್ಡಿನ ಮೇಲೆ "ಕೇಶ ಕಲಾವಿದೆ" ಎಂದು ಬರೆಸಿಕೊಂಡಿದ್ದಳು. ಬೀದಿಯವರಿಗೂ ಅವಳು ಕಲಾವಿದೆಯೇ. ಕಲಾವಿದೆ ಕೋಟಮ್ಮನ ಕೂದಲೊಳಗೆ ಬೆರಳಾಡಿಸಿ, "ಮೇಡಂ, ಇದು ತುಂಬ ದಟ್ಟ. ಎರಡು ಗಂಟೆ ಬೇಕು. ಬುಧವಾರ ಬನ್ನಿ" ಎಂದಿದ್ದಳು.

"ನಂಗೆ ಸೋಮವಾರಕ್ಕೆ ಬೇಕು."

"ಅವಸರಕ್ಕೆ ಇಂಥ ಕೂದಲಿಗೆ ಕೈ ಹಾಕಲ್ಲ ಮೇಡಂ. ಒಳಗಿನ ಭಾರ ತೆಗೀದೆ ಗಿಡ್ಡ ಮಾಡಿದ್ರೆ ಎದ್ದು ನಿಂತುಬಿಡುತ್ತೆ."

ಈ ಮಾತಿನಲ್ಲಿ ಕೋಟಮ್ಮನ ಕಿವಿಗೆ ಬಿದ್ದದ್ದು "ಕೈ ಹಾಕಲ್ಲ" ಎಂಬಷ್ಟು ಮಾತ್ರ.

"ಕಲಾವಿದೆಯಂತೆ, ಕಲಾವಿದೆ," ಎಂದು ಅವಳು ಮನೆಗೆ ಬಂದು ಗಂಡನ ಮುಂದೆ ಹೇಳಿದಳು. "ಅವಳು ತಪ್ಪು ಕತ್ತರಿಸಿದ್ರೆ ಎರಡು ತಿಂಗಳಲ್ಲಿ ಬೆಳೆದು ಮುಚ್ಚಿಹೋಗುತ್ತೆ. ನಾನು ತಪ್ಪು ಕತ್ತರಿಸಿದ್ರೆ ಬಟ್ಟೆ ಬೆಳೆಯುತ್ತಾ? ಯಾರದ್ರೀ ಕಷ್ಟದ ಕೆಲಸ?"

"ನಿಂದೇ," ಎಂದ ಗಂಡ. ಮದುವೆಯಾಗಿ ಹದಿನೆಂಟು ವರ್ಷವಾಗಿತ್ತು. ಯಾವ ತಿರುವಿನಲ್ಲಿ ಹಾರ್ನ್ ಹೊಡೆಯಬಾರದು ಎಂದು ಅವನಿಗೆ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಕೆಲಸ ಶುರುವಾಯಿತು. ಅವಳೇನೂ ಕುರುಡಾಗಿ ನುಗ್ಗಲಿಲ್ಲ. ಅಳೆದೂ ಸುರಿದೂ ಪಿಕ್ಸಿ ಕಟ್ಟಿನ ಏಳು ಚಿತ್ರಗಳನ್ನು ಆರಿಸಿದ್ದಳು. ಟೇಪು ಹಿಡಿದು ತನ್ನ ಹಣೆ, ಕೆನ್ನೆ, ದವಡೆಗಳ ಅಳತೆ ತೆಗೆದು ಗಿರಾಕಿಗಳ ಪುಸ್ತಕದಲ್ಲಿ ಬರೆದುಕೊಂಡಳು. ಕೊನೆಗೆ ನಾಲ್ಕನೇ ಚಿತ್ರ ಗೆದ್ದಿತು. ಆ ಚಿತ್ರದ ಹುಡುಗಿಯದು ರೇಷ್ಮೆಯಂಥ ತೆಳು ಕೂದಲು, ಕೋಟಮ್ಮನದು ಕಂಬಳಿ. ಮಾದರಿ ಒಂದೇ ಆದರೂ ಬಟ್ಟೆ ಬೇರೆಯಾದರೆ ಕೋಟು ಬೇರೆಯಾಗುತ್ತದೆ ಎಂದು ಹೊಲಿಗೆ ಕಲಿಯಲು ಬಂದವರಿಗೆ ಮೊದಲ ದಿನವೇ ಹೇಳಿಕೊಡುವವಳು ಅವಳೇ. ಆದರೆ ಅಂದು ಭಾನುವಾರ, ಪಾಠಕ್ಕೆ ರಜೆ.

ಹಳೆಯ ಬೆಡ್‌ಶೀಟನ್ನು ಕೊರಳಿಗೆ ಸುತ್ತಿ ಪಿನ್ನು ಚುಚ್ಚಿಕೊಂಡು ಅವಳು ತಲೆಯನ್ನು ಚೆನ್ನಾಗಿ ನೆನೆಸಿದಳು.

"ನೆನೆಸೋದು ಯಾಕೆ?" ಎಂದು ಅತ್ತೆ ಕೇಳಿದರು.

"ಯಾವ ಬಟ್ಟೆಯನ್ನಾದ್ರೂ ಮೊದಲು ನೀರಲ್ಲಿ ನೆನೆಸಿ ಆಮೇಲೆ ಕತ್ತರಿಸಬೇಕು ಅತ್ತೆ. ಕುಗ್ಗೋದೆಲ್ಲ ಮೊದಲೇ ಕುಗ್ಗಿಬಿಡುತ್ತೆ. ಇದು ನಮ್ಮ ವೃತ್ತಿಯ ಗುಟ್ಟು."

ಬಟ್ಟೆ ನೀರಿಗೆ ಬಿದ್ದರೆ ಕುಗ್ಗುತ್ತದೆ, ಕೂದಲು ನೀರಿಗೆ ಬಿದ್ದರೆ ಉದ್ದವಾಗುತ್ತದೆ. ಈ ಗುಟ್ಟು ಬೇರೆ ವೃತ್ತಿಯವರದು. ಅದು ಅವಳಿಗೆ ಗೊತ್ತಾಗಲು ಇನ್ನೂ ಒಂದು ಗಂಟೆ ಬಾಕಿಯಿತ್ತು.

ಕೋಟಿನ ಒಳಗಿಡುವ ದಪ್ಪ ಕ್ಯಾನ್ವಾಸ್ ಬಟ್ಟೆಯನ್ನು ಕತ್ತರಿಸುವ ದೊಡ್ಡ ಕತ್ತರಿ ಬಂತು. ಜಡೆ ಮೂರು ಏಟಿಗೆ ಬಿತ್ತು. ಅತ್ತೆ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, "ತೂಕ ಚೆನ್ನಾಗಿದೆ. ತಾಯಿ ಹೇಗಿದ್ದಾಳೆ?" ಎಂದರು. ತಾಯಿ ಹಗುರಾದ ಕತ್ತನ್ನು ಅತ್ತಿತ್ತ ತಿರುಗಿಸಿ ಹಿಗ್ಗುತ್ತಿದ್ದಳು.

ಹಿಂಭಾಗ ಕಾಣಲು ಇನ್ನೊಂದು ಕನ್ನಡಿ ಬೇಕಾಯಿತು. ಅದನ್ನು ಹಿಡಿದು ನಿಲ್ಲುವ ಕೆಲಸ ಗಂಡನ ಪಾಲಿಗೆ ಬಂತು. ಕನ್ನಡಿ ಹಿಡಿದದ್ದೇ ತಡ, ಅವನೊಳಗಿನ ಮೇಷ್ಟ್ರು ಎದ್ದು ಕುಳಿತ.

"ನಿಧಾನ. ಸ್ವಲ್ಪ ಎಡಕ್ಕೆ ತಗೋ. ಎಡಕ್ಕೆ, ಎಡಕ್ಕೆ."

"ನನ್ನ ಎಡವೋ, ಕನ್ನಡಿ ಎಡವೋ?"

"ಹಿಂದಿನ ಗಾಡಿ ಎಡ."

"ಯಾವ ಗಾಡಿರೀ?"

"ಅಂದ್ರೆ ಈ ಕನ್ನಡೀಲಿ ಕಾಣೋ ಆ ಕನ್ನಡಿ ಎಡ. ಬ್ರೇಕ್, ಬ್ರೇಕ್ ಹಾಕು."

ಬ್ರೇಕ್ ಬೀಳುವಷ್ಟರಲ್ಲಿ ಎಡಗಿವಿಯ ಮೇಲಿನ ಒಂದು ಹಿಡಿ ಕೂದಲು ನೆಲದಲ್ಲಿತ್ತು. ಕನ್ನಡಿಯೊಳಗಿನ ಗಂಟು ಕೈಗೆ ಸಿಕ್ಕುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

"ರಿವರ್ಸ್ ತಗೊಳ್ಳೋಕಾಗುತ್ತಾ?" ಎಂದು ಗಂಡ ಮೆಲ್ಲಗೆ ಕೇಳಿದ.

"ಪರವಾಗಿಲ್ಲ, ಬಲಗಡೆ ಸಮ ಮಾಡ್ತೀನಿ," ಎಂದಳು ಕೋಟಮ್ಮ. ಅಲ್ಲಿಂದ ಸಮಾನತೆಯ ಮಹಾಯಾತ್ರೆ ಹೊರಟಿತು. ಬಲ ಸಮವಾಗುವಾಗ ಎಡಕ್ಕಿಂತ ತುಸು ಗಿಡ್ಡವಾಯಿತು. ಎಡ ಸರಿಹೋಗುವಾಗ ಹಿಂಭಾಗ ಉದ್ದವಾಗಿ ಕಂಡಿತು. ಹಿಂಭಾಗ ಇಳಿಸಿದ ಮೇಲೆ ನೆತ್ತಿ ಎತ್ತರವಾಯಿತು. ಆದರೂ ಒದ್ದೆ ತಲೆಯಲ್ಲಿ ಎಲ್ಲವೂ ಬೆಣ್ಣೆ ಸವರಿದ ಹಾಗೆ ಕೂತಿತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು ಅವಳು ಟೇಪು ಹಿಡಿದು ಸಾಬೀತು ಮಾಡಿದಳು.

ಆಮೇಲೆ ತಲೆ ಒಣಗತೊಡಗಿತು.

ಮೊದಲು ನೆತ್ತಿಯ ಮೇಲೆ ನಾಲ್ಕು ಕೂದಲು ನಿದ್ದೆಯಿಂದ ಎದ್ದ ಹಾಗೆ ಎದ್ದವು. ಅವು ಅಕ್ಕಪಕ್ಕದವನ್ನು ಎಬ್ಬಿಸಿದವು. ಹತ್ತು ನಿಮಿಷದಲ್ಲಿ ಇಡೀ ತಲೆ ಎದ್ದು ನಿಂತಿತು. ಹಣೆಯ ಮೇಲೆ ಇಳಿಬಿಟ್ಟಿದ್ದ ಮುಂಗೂದಲು ಎರಡು ಬೆರಳು ಮೇಲಕ್ಕೇರಿ ಸೂರಿನ ಹಾಗೆ ಮುಂದಕ್ಕೆ ಚಾಚಿಕೊಂಡಿತು. ಕಿವಿಗಳ ಮೇಲೆ ಎರಡು ಪೊದೆ. ಒಟ್ಟಿನಲ್ಲಿ ಬಾಟಲಿ ತೊಳೆಯುವ ಬ್ರಷ್ಷಿಗೆ ಕೋಟಮ್ಮನ ಮೂಗು ಬಾಯಿ ಬರೆದ ಹಾಗಿತ್ತು.

ಕೋಟಮ್ಮ ಎಣ್ಣೆ ಹಚ್ಚಿದಳು. ಕೂದಲು ಎಣ್ಣೆ ಕುಡಿದು ಮಿಂಚುತ್ತಾ ನಿಂತಿತು. ಹನ್ನೊಂದು ಪಿನ್ನು ಚುಚ್ಚಿದಳು, ಹತ್ತು ಹಾರಿಹೋದವು. ಗಂಡ ಒಳಗೆ ಹೋಗಿ ತನ್ನ ಹೆಲ್ಮೆಟ್ ತಂದ.

"ಅರ್ಧ ಗಂಟೆ ಹಾಕ್ಕೊಂಡು ಕೂತಿರು. ಅದುಮಿಕೊಳ್ಳುತ್ತೆ."

ಬೇರೆ ದಿನವಾಗಿದ್ದರೆ ಆ ಮಾತಿಗೆ ತಕ್ಕ ಶಾಸ್ತಿಯಾಗುತ್ತಿತ್ತು. ಅಂದು ಅವಳು ತೆಪ್ಪಗೆ ಹೆಲ್ಮೆಟ್ ಹಾಕಿಕೊಂಡು ಸೋಫಾದ ಮೇಲೆ ಕೂತಳು. ಅಷ್ಟರಲ್ಲಿ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬ್ಯಾಂಕಿನ ಕ್ಯಾಷಿಯರ್ ಬಾಗಿಲು ತಟ್ಟಿದರು. ಅಭ್ಯಾಸಬಲದಿಂದ ಅವಳೇ ಹೋಗಿ ತೆಗೆದಳು.

"ಎಲ್ಲಿಗೋ ಹೊರಟಂಗಿದೆ?" ಎಂದರು ಕ್ಯಾಷಿಯರ್.

"ಇಲ್ಲ, ಮನೇಲೇ ಇದೀನಿ," ಎಂದು ಅವಳು ಹೆಲ್ಮೆಟ್ಟಿನೊಳಗಿಂದಲೇ ಅಳತೆ ಬರೆದುಕೊಂಡಳು. ಕ್ಯಾಷಿಯರ್ ಹೋಗುವಾಗ ಎರಡು ಸಲ ತಿರುಗಿ ನೋಡಿದರು.

ಹೆಲ್ಮೆಟ್ ತೆಗೆದಾಗ ನೆತ್ತಿ ದೋಣಿಯ ತಳದ ಹಾಗೆ ಚಪ್ಪಟೆಯಾಗಿತ್ತು. ನೆತ್ತಿಯಿಂದ ಓಡಿಹೋದ ಕೂದಲೆಲ್ಲ ಕಿವಿಗಳ ಬದಿಗೆ ಬಂದು ರೆಕ್ಕೆ ಬಿಚ್ಚಿತ್ತು. ಕೋಟಮ್ಮನಿಗೆ ಆಗ ನಿಜವಾಗಿ ಭಯವಾಯಿತು. ತನ್ನ ತಲೆಯನ್ನೇ ನೆಟ್ಟಗೆ ಕತ್ತರಿಸಿಕೊಳ್ಳಲಾರದವಳ ಕೈಗೆ ಅರವತ್ತು ಕೋಟು ಯಾರು ಕೊಡುತ್ತಾರೆ? ಅಂಗಡಿಯ ಆ ಇಬ್ಬರು ಹೆಂಗಸರ ಮುಖ ಕಣ್ಣ ಮುಂದೆ ಬಂತು. ಅವಳ ಕಣ್ಣು ತುಂಬಿತು.

ಅತ್ತೆ ಹತ್ತಿರ ಬಂದು ಕೂತರು. "ಆಪರೇಷನ್‌ಗೆ ಮುಂಚೆ ನೂರಾರು ತಲೆ ಬೋಳಿಸಿದೀನಿ. ಹತ್ತು ನಿಮಿಷದ ಕೆಲಸ. ಒಂದು ಗೀರೂ ಬೀಳಲ್ಲ."

"ಬೇಡ ಅತ್ತೆ."

"ಹಾಗಾದ್ರೆ ಸ್ಪೆಷಲಿಸ್ಟ್ ಹತ್ರ ಹೋಗು. ಕೈ ಮೀರಿದ ಕೇಸನ್ನ ವಾರ್ಡಲ್ಲಿ ಇಟ್ಕೊಂಡು ಕೂರಬಾರದು."

ಬೀದಿಯ ಅಗಲ ಹನ್ನೆರಡು ಹೆಜ್ಜೆ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಮಾದರಿ ಕೋಟನ್ನು ತಾನೇ ತೊಟ್ಟು, ಎದೆ ಸೆಟೆಸಿ, ಕಣ್ಣು ಮಾತ್ರ ನೆಲದ ಮೇಲಿಟ್ಟು ಕೋಟಮ್ಮ ಆ ಹನ್ನೆರಡು ಹೆಜ್ಜೆ ನಡೆದಳು. ಬೀಗ ತೆಗೆಯುತ್ತಿದ್ದ ಕಲಾವಿದೆ ನಗಲಿಲ್ಲ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಸುತ್ತಲೂ ಎರಡು ಪ್ರದಕ್ಷಿಣೆ ಬಂದಳು.

"ಯಾವ ಕತ್ತರಿ ಮೇಡಂ?"

"ಕ್ಯಾನ್ವಾಸ್ ಕತ್ತರಿ."

"ಗೆರೆ ಎಷ್ಟು ನೇರವಾಗಿದೆ. ಇಷ್ಟು ನೇರ ನಂಗೂ ಬರಲ್ಲ. ತೊಂದರೆ ಆಗಿರೋದೇ ಅದರಿಂದ. ದಟ್ಟ ಕೂದಲಿಗೆ ನೇರ ಗೆರೆ ಒಗ್ಗಲ್ಲ."

"ಎರಡು ಗಂಟೆ ಬೇಕು ಅಂದಿದ್ದಿ. ಹನ್ನೊಂದಕ್ಕೆ ನಾನು ಹೋಟೆಲಲ್ಲಿರಬೇಕು."

"ಬೇಗ ಮುಗಿಯುತ್ತೆ ಮೇಡಂ. ಮುಕ್ಕಾಲು ಪಾಲು ಕೆಲಸ ನೀವೇ ನೆಲಕ್ಕೆ ಹಾಕಿದೀರಲ್ಲ."

ಅವಳು ತಲೆಯನ್ನು ಒದ್ದೆ ಮಾಡಲಿಲ್ಲ. ಬಾಚಣಿಗೆಯ ಹಾಗೆ ಹಲ್ಲುಗಳಿದ್ದ ಒಂದು ಕತ್ತರಿ ತೆಗೆದು, ಮೇಲಿನ ಪದರವನ್ನು ಎತ್ತಿ, ಒಳಗಿನ ಕೂದಲನ್ನು ಅಲ್ಲಲ್ಲಿ ವಿರಳ ಮಾಡುತ್ತಾ ಹೋದಳು. ಕತ್ತಿನ ಬಳಿ, ಕಿವಿಯ ಬದಿಗೆ ಚರ್ಮಕ್ಕೆ ಅಂಟುವಷ್ಟು ಇಳಿಸಿದಳು. ನೆತ್ತಿಯಲ್ಲಿ ಉಳಿದಿದ್ದ ಉದ್ದವನ್ನು ಮುಟ್ಟಲಿಲ್ಲ. ಅದರ ತುದಿಗಳನ್ನಷ್ಟೇ ಕತ್ತರಿಯ ಮೊನೆಯಿಂದ ಕಚ್ಚಿ ಕಚ್ಚಿ ಬಿಟ್ಟಳು. ಮುಂಗೂದಲನ್ನು ಓರೆಯಾಗಿ ಎಡಕ್ಕೆ ಹಾಯಿಸಿ, ಬ್ರೇಕ್ ಬೀಳದೆ ಆದ ಅನಾಹುತದ ಮೇಲೆ ಮುಚ್ಚಿದಳು. ಕೋಟಮ್ಮ ಕನ್ನಡಿಯಲ್ಲಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳಿಗೆ ತಡೆಯಲಾಗಲಿಲ್ಲ.

"ಕಾಲರ್ ಒಳಗೆ ಬಟ್ಟೆ ದಪ್ಪವಾದ್ರೆ ನಾವೂ ಹೀಗೇ ಮಾಡ್ತೀವಿ. ಒಳ ಪದರಗಳನ್ನ ಒಂದಕ್ಕಿಂತ ಒಂದು ಗಿಡ್ಡ ಕತ್ತರಿಸ್ತೀವಿ. ಹೊರಗೆ ಏನೂ ಕಾಣಲ್ಲ, ಆದ್ರೆ ಕಾಲರ್ ಕೂರುತ್ತೆ."

"ಅಷ್ಟೇ ಮೇಡಂ. ನಿಮಗೆ ಎಲ್ಲಾ ಗೊತ್ತಲ್ಲ."

"ಹಾಗಾದ್ರೆ ನಾನು ಎಡವಿದ್ದೆಲ್ಲಿ?"

ಕಲಾವಿದೆ ಕೂದಲು ಕೂರಿಸುವ ಮೇಣವನ್ನು ಬಟಾಣಿ ಕಾಳಿನಷ್ಟು ತೆಗೆದು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡುತ್ತಾ ಹೇಳಿದಳು: "ನೀವು ಹೊಲಿದ ಕೋಟು ನಂಗೂ ಎರಡಿದೆ ಮೇಡಂ. ಕತ್ತರಿ ನನ್ನ ಹತ್ರವೂ ಇದೆ ಅಂತ ನಾನು ಹೊಲ್ಕೊಳ್ಳೋಕೆ ಹೋಗಲಿಲ್ಲ."

ಹತ್ತು ಗಂಟೆಗೆ ಕೋಟಮ್ಮ ಎದ್ದು ನಿಂತಾಗ ಕನ್ನಡಿಯಲ್ಲಿ ಉದ್ದ ಕತ್ತಿನ, ಚುರುಕು ಕಣ್ಣಿನ, ಐದು ವರ್ಷ ಚಿಕ್ಕವಳಾದ ಒಬ್ಬಳಿದ್ದಳು. ಅಷ್ಟು ದಟ್ಟ ಕೂದಲು ಹೇಳಿದ ಮಾತು ಕೇಳುವ ಮಕ್ಕಳ ಹಾಗೆ ಒಂದೇ ಕಡೆಗೆ ಮಲಗಿತ್ತು.

ಹೋಟೆಲಿನ ಮ್ಯಾನೇಜರಮ್ಮ ಕೋಟನ್ನು ತಿರುಗಿಸಿ ಮುರುಗಿಸಿ, ಒಳಗಿನ ಹೊಲಿಗೆ ಎಳೆದು ನೋಡಿ, ಕಾಗದಕ್ಕೆ ಸಹಿ ಹಾಕಿದರು. ಅಷ್ಟಾದ ಮೇಲೆ ತಲೆಯೆತ್ತಿ, "ಹೇರ್ ಕಟ್ ಬಹಳ ಚೆನ್ನಾಗಿದೆ. ಯಾರು ಮಾಡಿದ್ದು?" ಎಂದರು.

ಕೋಟಮ್ಮನ ನಾಲಿಗೆ ತುದಿಗೆ "ನಾನೇ" ಎಂಬುದು ಬಂದು ನಿಂತಿತು. ಮ್ಯಾನೇಜರಮ್ಮನ ತಲೆಯ ಮೇಲೆ ತನ್ನ ಹಳೆಯ ಜಡೆಗಿಂತಲೂ ದಟ್ಟವಾದ ತುರುಬು ಕಂಡಿತು. ನನಗೂ ಮಾಡಿಕೊಡಿ ಎಂದುಬಿಟ್ಟರೆ ಗತಿಯೇನು? ನಾಲಿಗೆ ಹಿಂದೆ ಸರಿಯಿತು.

"ಶುರು ಮಾಡಿದ್ದು ನಾನು. ಉಳಿಸಿದ್ದು ನಮ್ಮ ಎದುರಂಗಡಿ ಕಲಾವಿದೆ," ಎಂದಳು. ಆ ಪದವನ್ನು ಗೌರವದಿಂದ ಆಡಿದ್ದು ಅದೇ ಮೊದಲು.

ಆರ್ಡರಿನ ಕಾಗದ ಹಿಡಿದು ಬಂದ ಕೋಟಮ್ಮ ಮೂರು ದಿನ ನೆಲದ ಮೇಲೆ ನಡೆಯಲಿಲ್ಲ. ಗುರುವಾರ ಕಲಾವಿದೆ ಬಂದು, "ಮೇಡಂ, ನಿಮ್ಮ ಫೋಟೋ ನನ್ನ ಅಂಗಡಿ ಗಾಜಿಗೆ ಹಾಕ್ಲಾ?" ಎಂದು ಕೇಳಿದಾಗ ಮಾದರಿ ಕೋಟನ್ನೇ ಮತ್ತೆ ತೊಟ್ಟು, ಬೆಳಕಿನ ಕಡೆ ತಿರುಗಿ ನಿಂತು ತೆಗೆಸಿಕೊಂಡಳು.

ಶುಕ್ರವಾರ ಎದುರಿನ ಗಾಜಿನ ಮುಂದೆ ಏಳೆಂಟು ಜನ ನಿಂತಿದ್ದರು. ಕೋಟಮ್ಮ ಹೆಮ್ಮೆಯಿಂದ ಹನ್ನೆರಡು ಹೆಜ್ಜೆ ದಾಟಿ ಹೋದಳು. ಗಾಜಿನ ಮೇಲೆ ಆಳುದ್ದದ ಎರಡು ಫೋಟೋ ಇದ್ದವು. ಒಂದರ ಕೆಳಗೆ "ನಂತರ" ಎಂದಿತ್ತು. ಇನ್ನೊಂದರ ಕೆಳಗೆ "ಮೊದಲು" ಎಂದಿತ್ತು; ಅದು ಸೋಮವಾರ ಬೆಳಿಗ್ಗೆ ಅವಳು ಮನೆಯ ಬಾಗಿಲಲ್ಲಿ ನಿಂತಿದ್ದಾಗ ತೆಗೆದದ್ದು. ರೆಕ್ಕೆ, ಸೂರು, ದೋಣಿ ಎಲ್ಲವೂ ಸ್ಪಷ್ಟವಾಗಿದ್ದವು.

"ಇದು ನಿಂಗೆಲ್ಲಿ ಸಿಕ್ತು?"

"ನಿಮ್ಮ ಅತ್ತೆ ಕೊಟ್ರು ಮೇಡಂ. ಚಿಕಿತ್ಸೆಗೆ ಮುಂಚಿನ ದಾಖಲೆ ಯಾವಾಗ್ಲೂ ಇಟ್ಕೋಬೇಕು ಅಂದ್ರು."

ಕೋಟಮ್ಮ ಎರಡು ಫೋಟೋಗಳನ್ನೂ ಬಹಳ ಹೊತ್ತು ದಿಟ್ಟಿಸಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದಳು: "ಕಾಲರ್ ನೋಡಿ. ಎರಡರಲ್ಲೂ ಹೇಗೆ ಕೂತಿದೆ."

"ಹೌದು ಮೇಡಂ," ಎಂದಳು ಕಲಾವಿದೆ. "'ಮೊದಲು' ಫೋಟೋದಲ್ಲಿ ತಲೆಯಿಂದ ಕಾಲರ್‌ವರೆಗೆ ಯಾರ ಕಣ್ಣೂ ಇಳಿದು ಬರ್ತಿಲ್ಲ, ಅಷ್ಟೇ."