ಮುರಿಯದ ಕೀಬೋರ್ಡು

ಊಟವಾದ ಮೇಲೆ ಎರಡೂ ಕೈ ಕೀಬೋರ್ಡಿನ ಮೇಲಿಟ್ಟು ಒಂದು ಗಂಟೆ ಕೂತಲ್ಲೇ ನಿದ್ದೆ ತೆಗೆಯುವುದು ರವಾನೆ ಗುಮಾಸ್ತನ ಹಳೇ ವಿದ್ಯೆ. ಅವತ್ತು ಗದ್ದ ಜಾರಿ ಬಿದ್ದ ರಭಸಕ್ಕೆ, ಮೂರು ತಿಂಗಳ ಹಿಂದಷ್ಟೇ ಬಂದ ಕೀಬೋರ್ಡು ಚಟ್ಟೆಂದು ಎರಡು ಹೋಳಾಯಿತು.

"ಇದು ಕೀಬೋರ್ಡಲ್ಲ, ಬಿಸ್ಕತ್ತು!" ಎಂದು ಕಚೇರಿಗೆಲ್ಲ ಸಾರಿದ. ಗದ್ದದ ಸುದ್ದಿ ಮಾತ್ರ ಎತ್ತಲಿಲ್ಲ.

ಮರುದಿನ ಮನೆಯ ಅಟ್ಟದಿಂದ ಇಪ್ಪತ್ತೈದು ವರ್ಷದ ಕೀಬೋರ್ಡು ಹೊತ್ತು ತಂದ. ಒಳಗೆ ಕಬ್ಬಿಣದ ತಗಡು, ಕೀಲಿಗೊಂದು ಸ್ಪ್ರಿಂಗು. ಗದ್ದವೇನು, ಇಡೀ ಗುಮಾಸ್ತನೇ ಬಿದ್ದರೂ ತಡೆಯುವ ಮಾಲು. ಆದರೆ ಒತ್ತಿದರೆ ತಗಡಿನ ಮಾಡಿನ ಮೇಲೆ ಕೋತಿಗಳ ಮದುವೆ ನಡೆದಂತೆ ಸದ್ದು.

ಹತ್ತಕ್ಕೆ ಪಕ್ಕದ ಮೇಜಿನ ಅಕ್ಕ ಕಿವಿಗೆ ಹತ್ತಿ ತುರುಕಿಕೊಂಡರು. ಹನ್ನೊಂದಕ್ಕೆ ಸ್ಟೋರ್‌ಕೀಪರನ್ನೂ ಸೇರಿಸಿಕೊಂಡು ಮ್ಯಾನೇಜರನ್ನು ಗುಮಾಸ್ತನ ಮೇಜಿಗೇ ಕರೆತಂದರು.

"ಸಾರ್, ಒಂದೋ ಅದಿರ್ಬೇಕು, ಇಲ್ಲಾ ನಾವು."

"ಕೆಟ್ಟಿದ್ರೆ ತೆಗೆಸ್ಬಹುದಮ್ಮ. ನೆಟ್ಟಗಿರೋದನ್ನ ಹೇಗೆ ತೆಗೆಸ್ಲಿ?"

"ಇದು ಕೆಡೋದಾ ಸಾರ್?" ಗುಮಾಸ್ತ ಎದೆಯುಬ್ಬಿಸಿದ. "ಬೇಕಾದ್ರೆ ಕೆಡಿಸಿ ನೋಡ್ಲಿ! ಕೆಟ್ರೆ ನಾಳೆಯಿಂದ ಬಿಸ್ಕತ್ತಲ್ಲೇ ಟೈಪ್ ಮಾಡ್ತೀನಿ."

ಅಕ್ಕ ಅದರ ಮೇಲೆ ಒಂದು ಲೋಟ ಟೀ ಸುರಿದೇಬಿಟ್ಟರು. ಗುಮಾಸ್ತ ಕವುಚಿ ಒದರಿ ಒರೆಸಿ ಒತ್ತಿದ: ಟಕಟಕ. ಸ್ಟೋರ್‌ಕೀಪರ್ ಕುರ್ಚಿ ಹತ್ತಿ ಅದನ್ನು ಕೆಳಕ್ಕೆ ಬಿಟ್ಟ. ನೆಲದ ಟೈಲ್ಸು ಬಿರುಕು ಬಿಟ್ಟಿತು, ಕೀಬೋರ್ಡು: ಟಕಟಕ.

"ಹಳೇ ಕಾಲದ ಮಾಲು, ನನ್ ಥರ!" ಎಂದು ಗುಮಾಸ್ತ ಬೀಗಿದ.

"ಹೌದಪ್ಪ, ಬಾಯೂ ನಿನ್ ಥರಾನೇ," ಎಂದರು ಅಕ್ಕ.

ಮ್ಯಾನೇಜರ್ ಕೀಬೋರ್ಡನ್ನು ಪ್ರೀತಿಯಿಂದ ನೇವರಿಸಿದರು. "ಇದು ಇಲ್ಲೇ ಇರ್ಲಿ. ಇಷ್ಟು ವರ್ಷ ನನ್ನ ರೂಮಲ್ಲಿ ಕೂತ್ರೆ ಯಾರು ಕೆಲಸ ಮಾಡ್ತಿದ್ದಾರೆ ಅಂತಾನೇ ಗೊತ್ತಾಗ್ತಿರ್ಲಿಲ್ಲ. ನಿನ್ನದೊಂದಾದ್ರೂ ಕೇಳ್ತಿರುತ್ತೆ. ಸದ್ದು ನಿಂತ್ರೆ ಕೆಟ್ಟಿದೆ ಅಂತ ತಿಳಿದು ನಾನೇ ಬಂದು ನೋಡ್ತೀನಿ."

ಎರಡು ಗಂಟೆಗೆ ಗುಮಾಸ್ತನ ರೆಪ್ಪೆ ಇಳಿಯಿತು. ಸದ್ದು ನಿಂತಿತು. ಮ್ಯಾನೇಜರ್ ರೂಮಿನ ಬಾಗಿಲು ತೆರೆಯಿತು.

"ಕೆಟ್ಟೋಯ್ತೇನಪ್ಪಾ?"

"ಇಲ್ಲ ಸಾರ್! ಟಕಟಕ!" ನಿದ್ದೆಗಣ್ಣಲ್ಲಿ ಬಾಯಲ್ಲೇ ಅಂದುಬಿಟ್ಟ.

ನಾಲ್ಕರೊಳಗೆ ಇದೇ ಆರು ಸಲವಾಯಿತು. ಭುಜ ಮುರಿದುಕೊಂಡು ಹೊತ್ತು ತಂದದ್ದು ಕೀಬೋರ್ಡನ್ನಲ್ಲ, ತನಗೆ ತಾನೇ ಒಬ್ಬ ಕಾವಲುಗಾರನನ್ನು ಎಂದು ಅವನಿಗೆ ಅರಿವಾಯಿತು. ಎಲ್ಲರೂ ಟೀಗೆ ಹೋದ ಸಮಯ ನೋಡಿ ಪೇಪರ್‌ವೇಟ್ ಎತ್ತಿಕೊಂಡು, ಹಲ್ಲು ಕಚ್ಚಿ, ಕೀಲಿಗಳ ಮೇಲೆ ರಪರಪ ಬಾರಿಸತೊಡಗಿದ. ಪೇಪರ್‌ವೇಟ್ ಒಡೆಯಿತು.

ಒಳಗಿನಿಂದ ಮ್ಯಾನೇಜರ್ ಕೂಗಿದರು: "ಭೇಷ್! ಟೀ ಹೊತ್ತಲ್ಲೂ ಬಿಡ್ಲಿಲ್ಲ ನೋಡು! ನಾಳೆಯಿಂದ ಅಕ್ಕನ ಫೈಲುಗಳೂ ನಿನಗೇ ಇರ್ಲಿ!"