ಮಗಳು ಬಾಗಿಲು ಬಿಟ್ಟು ಕದಲಳು

ಪರದೇಶದ ದೊಡ್ಡ ಅಂಗಡಿಯೊಂದರ ಶೌಚಾಲಯದಲ್ಲಿ ನಾನು ನೆಮ್ಮದಿಯಾಗಿ ಕುಳಿತಿದ್ದಾಗ ಹೊರಗಿನಿಂದ ಯಾರೋ ಬಾಗಿಲು ಕುಟ್ಟಿದರು.

"ಆಂಟೀ! ಆಯ್ತಾ? ನೀರು ಬಿಟ್ರಾ? ಕೈ ತೊಳೀದೆ ಬರಬೇಡಿ, ನಾನಿಲ್ಲೇ ನಿಂತಿದೀನಿ!"

ಇಲ್ಲಿ ಕನ್ನಡ ಯಾರಿಗೆ ತಿಳಿಯುತ್ತೆ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಪಕ್ಕದ ಗೂಡಿನಿಂದ ಒಂದು ಮುದಿ ದನಿ, "ನನ್ನದಾಯ್ತಮ್ಮ, ಈಗ ತೊಳ್ಕೋತೀನಿ" ಎಂದಿತು.

ಕುಟ್ಟಿದವಳು ನನ್ನ ಮಗಳು. ಅವಳಿಗೆ ವಯಸ್ಸು ಹತ್ತು. ನಮ್ಮ ಮಗಳಾಗಿ ಮಾತ್ರ ಇನ್ನೂ ವಾರ ತುಂಬಿರಲಿಲ್ಲ. ಊರಿನ ಮಕ್ಕಳ ಆಶ್ರಮದಿಂದ ದತ್ತು ತೆಗೆದುಕೊಂಡು, ನಾವು ಕೆಲಸಕ್ಕಿರುವ ಈ ದೂರದೇಶಕ್ಕೆ ಕರೆತಂದಿದ್ದೆವು. ದತ್ತು ಬಂದ ದಿನವೇ ನಮ್ಮ ಗತ್ತು ಹೋಯಿತು.

ನನ್ನವರಿಗೆ ಕಟ್ಟುಹಲ್ಲು ತಯಾರಿಸುವ ಕೆಲಸ. ಮೇಣದ ವಸಡಿನಲ್ಲಿ ಸಾಲಾಗಿ ಹಲ್ಲು ನೆಟ್ಟು, ಉಜ್ಜಿ, ಹೊಳಪು ಕೊಡುತ್ತಾರೆ. ಹಗಲೆಲ್ಲ ಪರರಿಗೆ ಹಲ್ಲು ಕಟ್ಟುವ ಈ ಮನುಷ್ಯ ಸಂಜೆ ಮನೆಗೆ ಬಂದು ಮಗಳ ಮುಂದೆ ಹಲ್ಲು ಬಿಡತೊಡಗಿದರು.

"ರೀ, ಸ್ವಲ್ಪ ಕಮ್ಮಿ ನಗಿ. ಮಗು ಹೆದರ್ಕೊಳ್ಳತ್ತೆ."

"ನೀನು ಹಾಗೆ ಕಣ್ಣರಳಿಸಿಕೊಂಡು ನೋಡೋದು ಮೊದಲು ನಿಲ್ಸು. ನನಗೇ ಹೆದರಿಕೆಯಾಗತ್ತೆ."

ನಿಜ ಹೇಳಬೇಕೆಂದರೆ ಹೆದರಿ ಸಾಯುತ್ತಿದ್ದವರು ನಾವಿಬ್ಬರೇ. ಅವಳಿಗೆಂದು ಹೊಸ ಹಾಸಿಗೆ, ಹೊಸ ಪರದೆ, ಕಿಟಕಿಯ ಪಕ್ಕ ಮೇಜು, ಎಲ್ಲ ಸಿದ್ಧಪಡಿಸಿದ್ದೆವು. ಅವಳು ಅದರತ್ತ ಒಮ್ಮೆ ತಲೆಯಾಡಿಸಿ, ಕಾಲಿಗೆ ಷೂ ಹಾಕಿಕೊಂಡು, ಮುಂಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು. ಮರುದಿನವೂ ಅದೇ ಆಸನ. (ಯೋಗದಲ್ಲಿ ಇದಕ್ಕೆ ಹೆಸರಿದ್ದರೆ ಪಲಾಯನಾಸನ ಎಂದಿರಬೇಕು.)

ಊಟಕ್ಕೆ ಕೂತರೆ ತನ್ನ ಪಾಲಿನಲ್ಲಿ ಅರ್ಧ ತೆಗೆದು ಮಾತಿಲ್ಲದೆ ನನ್ನ ತಟ್ಟೆಗೆ ಹಾಕುತ್ತಿದ್ದಳು.

"ನೋಡಿದ್ರಾ? ನಮ್ಮನೆ ಅನ್ನ ಅವಳಿಗೆ ಬೇಡವಂತೆ."

"ಅನ್ನದ ತಪ್ಪಿರಲಾರದು. ಸಾರು ರುಚಿ ನೋಡಿದ್ಯಾ?"

ನಾನು ಜಗಳಕ್ಕೆ ಸೆರಗು ಸಿಕ್ಕಿಸುವಷ್ಟರಲ್ಲಿ ಗೋಡೆಯ ಮೊಳೆಯಲ್ಲಿದ್ದ ಮುಂಬಾಗಿಲಿನ ಬೀಗದ ಕೈ ಕಾಣೆಯಾದದ್ದು ಕಣ್ಣಿಗೆ ಬಿತ್ತು. ಹುಡುಕಿದರೆ ಸಿಕ್ಕಿದ್ದು ಅವಳ ದಿಂಬಿನ ಕೆಳಗೆ.

ನನ್ನವರ ನಗು ಆರಿತು. "ಓಡಿಹೋಗೋಕೆ ಕಣೇ," ಎಂದರು ಸಣ್ಣ ದನಿಯಲ್ಲಿ.

ನಾನು ಬೀಗದ ಕೈಯನ್ನು ಇದ್ದಲ್ಲೇ ಇಟ್ಟು ಬಂದೆ. ಅದನ್ನು ಕಿತ್ತುಕೊಂಡರೆ ಅವಳು ಇರುತ್ತಾಳೆ, ಆದರೆ ನಮ್ಮವಳಾಗಿ ಇರುವುದಿಲ್ಲ ಎನ್ನಿಸಿತು. ಅಂದಿನಿಂದ ಸ್ವಂತ ಮಗಳೊಂದಿಗೆ ನಾನು ಅರಮನೆಯ ದಾಸಿಯಂತೆ ಮಾತಾಡತೊಡಗಿದೆ. "ತಲೆ ಬಾಚಬಹುದಾ ಪುಟ್ಟಾ? ನೋವಾದರೆ ಅಪ್ಪಣೆ ಕೊಡು, ಅಲ್ಲೇ ನಿಲ್ಲಿಸ್ತೀನಿ."

ಇಷ್ಟರ ಮೇಲೆ ಮಕ್ಕಳ ಇಲಾಖೆಯ ಅಧಿಕಾರಿಣಿ ಮನೆ ನೋಡಲು ಬರುವ ದಿನ ಬಂತು. ಮಗು ಇಲ್ಲಿರಲೊಲ್ಲೆ ಎಂದರೆ ಹಿಂದಕ್ಕೆ ಕಳಿಸುವ ಅಧಿಕಾರ ಆಕೆಗಿತ್ತು. ಬೆಳಗಿನಿಂದ ನಾನು ಒರೆಸಿದ್ದನ್ನೇ ಒರೆಸಿದೆ. ಒರೆಸಲು ಏನೂ ಉಳಿಯದಾಗ ನನ್ನವರ ಮುಖ ಒರೆಸಿದೆ.

ಆಕೆ ಒಳಗೆ ಬರಬೇಕಾದರೆ ಮಗಳು ಎದ್ದು ಜಾಗ ಬಿಡಬೇಕಾಯಿತು, ಏಕೆಂದರೆ ಅವಳು ಬಾಗಿಲಿಗೇ ಒರಗಿದ್ದಳು. ಶುರುವೇ ಚೆನ್ನಾಗಿತ್ತು! ಜೊತೆಗೆ ಬರಬೇಕಿದ್ದ ದುಭಾಷಿಗೆ ಜ್ವರವಂತೆ. ನನ್ನ ಕಾನ್ವೆಂಟ್ ಇಂಗ್ಲಿಷ್ ಮೆಚ್ಚಿದ ಆಕೆ, "ನೀವೇ ಅನುವಾದಿಸಿ" ಎಂದರು. ನನ್ನ ಶಿಕ್ಷೆಯನ್ನು ನಾನೇ ಓದಿ ಹೇಳುವ ಭಾಗ್ಯ!

"ಬಾಗಿಲ ಹತ್ತಿರ ಯಾಕೆ ಕೂತಿದ್ದಳು, ಕೇಳಿ."

'ನಿನಗೆ ಈ ಬಾಗಿಲು ಯಾಕಿಷ್ಟು ಇಷ್ಟ' ಎಂದು ತಿರುಚಿ ಕೇಳಿಬಿಡಲೇ ಅನ್ನಿಸಿತು. ಸುಳ್ಳು ಹೇಳಿದರೆ ನಾಲಿಗೆ ಕಪ್ಪಾಗುತ್ತದೆ ಎಂದಿದ್ದ ಕಾನ್ವೆಂಟಿನ ಸಿಸ್ಟರ್ ಈ ವಯಸ್ಸಿನಲ್ಲೂ ಬೆನ್ನ ಹಿಂದೆ ಸ್ಕೇಲ್ ಹಿಡಿದು ನಿಂತರು. ಇದ್ದದ್ದನ್ನು ಇದ್ದಂತೆಯೇ ಕೇಳಿದೆ.

ಮಗಳು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ದನಿ ತಗ್ಗಿಸಿದಳು. "ಇವರಿಬ್ರೂ ಹೊಸಬರಲ್ವಾ, ಅದಕ್ಕೆ."

"ಯಾರು? ನಾವಾ?" ಎಂದರು ನನ್ನವರು.

"ಹೂಂ ಅಂಕಲ್. ನಮ್ಮ ಆಶ್ರಮಕ್ಕೆ ಹೊಸ ಮಕ್ಕಳು ಬಂದ್ರೆ ನನ್ನ ಕೈಗೇ ಒಪ್ಪಿಸ್ತಿದ್ರು, ನಾನೇ ದೊಡ್ಡೋಳು. ಹೊಸಬರು ಹೆದರಿಕೊಂಡಿರ್ತಾರೆ. ಸುಮ್ಸುಮ್ನೆ ನಗ್ತಾರೆ. ನಮ್ಮ ಮುಖಾನೇ ನೋಡ್ತಿರ್ತಾರೆ. ಓಡಿಹೋಗದ ಹಾಗೆ ಬಾಗಿಲ ಹತ್ರ ಕೂರಬೇಕು, ಬೀಗದ ಕೈ ಬಚ್ಚಿಡಬೇಕು. ನಮ್ಮ ಊಟದಲ್ಲಿ ಅರ್ಧ ಕೊಟ್ರೆ ಬೇಗ ಹೊಂದ್ಕೋತಾರೆ. ಬಚ್ಚಲಿಗೆ ಹೋದ್ರೂ ಹೊರಗೆ ನಿಂತಿರಬೇಕು."

ನಾನು ಅನುವಾದಿಸಿದೆ. ಎಲ್ಲಿ ನಿಲ್ಲಿಸಿದೆ, ಎಲ್ಲಿ ಮೂಗು ಸೀಟಿದೆ ನೆನಪಿಲ್ಲ. ಅಧಿಕಾರಿಣಿ ಬರೆಯುವುದನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, ನಾನು ಅಷ್ಟು ದಿನ ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು: "ಹಾಗಾದರೆ ಇವರ ಜೊತೆ ಎಷ್ಟು ದಿನ ಇರ್ತೀಯ ಅಂತ ಕೇಳಿ."

ಕೇಳಿದೆ. ದನಿ ನನ್ನದೋ, ಬೇರೆ ಯಾರದೋ.

ಮಗಳು ಕೈಕಟ್ಟಿ ನಿಂತು, ಮೊದಲು ನನ್ನವರನ್ನು, ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ಇವರು ಹೊಂದ್ಕೊಳ್ಳೋವರೆಗೂ. ಅಂಕಲ್ ಪರವಾಗಿಲ್ಲ. ನಿಮಗೆ ಮಾತ್ರ ಆಂಟೀ, ತುಂಬಾ ವರ್ಷ ಹಿಡಿಯತ್ತೆ."