ಡಾಕ್ಟರ್ ಬಾಯಾರ ಗಾಲಿಮನಿಗೆ ವೈರಿಂಗ್ ಮಾಡಿದ್ದು

ಕರೆಂಟಿನ ಕೆಲಸದವನಿಗೆ ಬಟನ್ ಒತ್ತುವ ತನಕ ಏನಾಗುತ್ತದೋ ತಿಳಿಯುವುದಿಲ್ಲ. ಒತ್ತಿದ ಮೇಲೆ ಇಡೀ ಓಣಿಗೇ ತಿಳಿಯುತ್ತದೆ. ಎಪ್ಪತ್ತರ ದಶಕದಲ್ಲಿ ಜಮಖಂಡಿಯಲ್ಲಿ ನನ್ನದೊಂದು ಮೋಟಾರ್ ವೈರಿಂಗ್ ಅಂಗಡಿ ಇತ್ತು. ಇಂಥವು ವಾರಕ್ಕೊಂದಾದರೂ ನಡೆಯುತ್ತಿದ್ದವು. ಆದರೆ ಒಂದೇ ಗಾಡಿಯಲ್ಲಿ ಮೂರು ನಡೆದದ್ದು ನಮ್ಮ ಡಾಕ್ಟರ್ ಬಾಯಾರ ಗಾಡಿಯಲ್ಲಿ ಮಾತ್ರ.

೧. ಹುಚ್ಚ ಮಿಸ್ತ್ರಿ

ಊರಲ್ಲಿ ದವಾಖಾನೆ ನಡೆಸುತ್ತಿದ್ದ ಲೇಡಿ ಡಾಕ್ಟರ್ ಬಾಯಾರು ಬೆಳಗಾವಿಯ ಹರಾಜಿನಲ್ಲಿ ಹಳೇ ಗಾಲಿಮನಿಯೊಂದನ್ನು ಹಿಡಿದು ತಂದರು. ಹಿಂದೆ ಯಾವನೋ ಸಾಹೇಬ ಮೋಟಾರಿಗೆ ಕಟ್ಟಿಕೊಂಡು ಊರೂರು ತಿರುಗಿದ ಟ್ರೇಲರ್ ಅದು. ಹೊರಗೆಲ್ಲ ತಗಡು, ಒಳಗೆ ಹಲಗೆಯ ಮಂಚ, ಕಪಾಟು, ಫ್ಯಾನು.

"ಹಳ್ಳಿ ಹೆಣಮಕ್ಕಳು ದವಾಖಾನಿಗೆ ಬರಾಕ ಅಂಜತಾರ. ದವಾಖಾನಿನಽ ಅವರ ಓಣಿಗೆ ಹೋಗ್ಲಿ," ಎಂದರು ಬಾಯಾರು. ಆ ಮಾತು ನನಗೆ ಬಹಳ ಹಿಡಿಸಿತು.

ಹಲಗೆ ಬಿಚ್ಚಿ ನೋಡಿದರೆ ವೈರಿನ ರಬ್ಬರು ಮುಟ್ಟಿದಲ್ಲೆಲ್ಲ ಸಂಡಿಗೆಯಂತೆ ಉದುರುತ್ತಿತ್ತು. ಉಳಿದದ್ದನ್ನು ಇಲಿ ತಿಂದಿತ್ತು. ಫ್ಯೂಸ್ ತಂತಿ ಇರಬೇಕಾದ ಕಡೆ ಹೆಂಗಸರು ತಲೆಗೆ ಸಿಕ್ಕಿಸುವ ಹೇರ್‌ಪಿನ್ನು!

"ಯಾವ ಹುಚ್ಚ ಮಿಸ್ತ್ರಿ ಮಾಡ್ಯಾನ್ರಿ ಇದನ್ನ? ಗಾಡಿ ಸುಟ್ಟು ಬೂದಿ ಆಗ್ತಿತ್ತು. ಅವನ್ನ ಕಂಬಕ್ಕ ಕಟ್ಟಬೇಕ್ರಿ!"

ಬಾಯಾರು ಮೆಲ್ಲಗೆ ತುರುಬು ಮುಟ್ಟಿ ನೋಡಿಕೊಂಡರು. "ಅದು ನನ್ನ ಪಿನ್ನರೀ. ಬರೂ ದಾರಿಯೊಳಗ ಲೈಟ್ ಹೋಗಿತ್ತು, ಅದನ್ನ ಸಿಕ್ಕಿಸಿದ ಮ್ಯಾಲ ಛಲೋ ಹತ್ತಿತು. ಇರಲಿ, ಕಂಬ ಯಾವುದು ತೋರಸ್ರಿ."

೨. ಬ್ರೇಕಿನ ಗಾಳಿ

ಹಳೆಯದನ್ನೆಲ್ಲ ಕಿತ್ತು ಹೊಸ ವೈರ್ ಎಳೆದೆ. ಸಿಕ್ಕಿದ್ದೆಲ್ಲ ಕರೀ ವೈರೇ. ಯಾವುದು ಯಾವುದಕ್ಕೆಂದು ಗುರುತಿಗಾಗಿ ರಬಕವಿಯ ನೇಕಾರರ ಬಣ್ಣದ ನೂಲು ಕಟ್ಟಿದೆ. ಸೀರೆ ನೇಯುವವರಿಗೆ ಕೆಂಪು ಬೇರೆ, ಕುಂಕುಮ ಬೇರೆ. ನನ್ನ ಕಣ್ಣಿಗೆ ಎರಡೂ ಒಂದೇ.

ಪರೀಕ್ಷೆಗೆಂದು ಜೀಪಿಗೆ ಕಟ್ಟಿ ಮಹಾಲಿಂಗಪುರಕ್ಕೆ ಕಳಿಸಿದೆ. ಬಾಯಾರು ಗಾಲಿಮನಿಯಲ್ಲೇ ಕುಳಿತರು. ತಿರುಗಿ ಬಂದಾಗ ಡ್ರೈವರನ ಮುಖ ಊದಿತ್ತು.

"ಮಿಸ್ತ್ರಿ, ಬ್ರೇಕ್ ಹೊಡದ್ರ ಹಿಂದಿನ ಕೆಂಪ ಲೈಟ್ ಹತ್ತವಲ್ದು. ಒಳಗ ಫ್ಯಾನ್ ತಿರಗತೈತಿ."

"ಮುಂದ ಕುಂತ ನಿನಗ ಹೆಂಗ ತಿಳೀತೋ?"

"ಬಾಯಾರು ಕಿಡಕಿಯಿಂದ ಒದರಾಕತ್ತಿದ್ರಲ್ಲೋ, ಸೆಕಿ ಆಗೇತಿ, ಇನ್ನೊಮ್ಮೆ ಬ್ರೇಕ್ ಹೊಡಿಯಪಾ ಅಂತ!"

೩. ಕೈಗುಣ

ಎಲ್ಲ ಸರಿಪಡಿಸಿದ ಮೇಲೆ ಮೊದಲ ಪಾಳಿ ಹಿಪ್ಪರಗಿ ಹಳ್ಳಿಯದು. ಊರ ಶಾಲೆಯಿಂದ ಕರೆಂಟ್ ಎಳೆದು ಸಿಕ್ಕಿಸಿದೆ. ಒಳಗೆ ಬೆಳಕೇ ಬೆಳಕು. ಆದರೆ ಒಂದು ಪಿಳ್ಳೆಯೂ ಹತ್ತಿರ ಬರಲಿಲ್ಲ. ಜನ ಬೇವಿನ ಮರದ ಕೆಳಗೆ ನಿಂತು ನೋಡಿದ್ದೇ ನೋಡಿದ್ದು. ಎರಡು ತಾಸಾಯಿತು. ಬಾಯಾರು ಸಣ್ಣ ದನಿಯಲ್ಲಿ, "ಹಿಂಗಾದ್ರ ಇದನ್ನ ಮಾರೂದಽ ಛಲೋ ಏನ್ರಿ?" ಎಂದರು.

ಅಷ್ಟರಲ್ಲಿ ಒಬ್ಬ ಮುದುಕಿ ಆಯಿ ಕಾಲಿನ ಮುಳ್ಳು ತೆಗೆಯಲು ಗಾಡಿಯ ತಗಡಿಗೆ ಎಡಗೈ ಊರಿದಳು. ಊರಿದವಳೇ ಚಂಗನೆ ಹಾರಿದಳು! ನಾನು ಹಾಕಿದ ಅರ್ಥಿಂಗ್ ತಂತಿ ಸಡಿಲಾಗಿ, ತಗಡಿಗೆ ಸಣ್ಣಗೆ ಕರೆಂಟ್ ಹರಿಯುತ್ತಿತ್ತು. ನಾನು ಬೆವತುಹೋದೆ. ಆಯಿ ಮಾತ್ರ ಕೈ ಮೇಲೆತ್ತಿ ಕೂಗಿದಳು:

"ಯವ್ವಾ! ಸುಗ್ಗಿಯಿಂದ ಏಳಲಾರದ ಕೈ ಎದ್ದೈತಿ ನೋಡ್ರೇ!"

ನಾನು ಓಡಿ ಮೇನ್ ಸ್ವಿಚ್ ಇಳಿಸಿದೆ. ಹಸಿ ಮಣ್ಣು ಹುಡುಕಿ ಕಬ್ಬಿಣದ ಸರಳು ಬಡಿದೆ, ತಂತಿ ಬಿಗಿದೆ, ಸ್ವಿಚ್ ಮತ್ತೆ ಹಾಕಿ, ತಗಡಿಗೆ ಟೆಸ್ಟರ್ ಹಿಡಿದು ನಾಲ್ಕೂ ಕಡೆ ನೋಡಿದೆ. ಕರೆಂಟ್ ಹರಿಯುತ್ತಿರಲಿಲ್ಲ. ಉಸಿರು ಬಿಟ್ಟು ತಿರುಗಿದರೆ, ಮರದ ಕೆಳಗಿನ ಜನವೆಲ್ಲ ನನ್ನ ಮುಂದೆ ಪಾಳಿ ಹಚ್ಚಿತ್ತು. ಒಬ್ಬರಿಗೆ ಮೊಣಕಾಲು, ಒಬ್ಬರಿಗೆ ಸೊಂಟ. ಎಲ್ಲರಿಗಿಂತ ಮುಂದೆ ಅದೇ ಆಯಿ, ಈಗ ಬಲಗೈ ಚಾಚಿಕೊಂಡು.

ತಗಡಿಗೆ ಅಂಗೈ ಇಟ್ಟಳು. ಏನೂ ಇಲ್ಲ. ಒತ್ತಿದಳು. ಭುಜ ಹಚ್ಚಿದಳು, ಬೆನ್ನು ಉಜ್ಜಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಸೀದಾ ಮೆಟ್ಟಿಲು ಹತ್ತಿದಳು. ಇಡೀ ಪಾಳಿ ಅವಳ ಹಿಂದೆ ಹೊರಟಿತು. ಬಾಯಾರ ಮುಂದೆ ಮಂಚದ ಮೇಲೆ ಕುಳಿತು ಆಯಿ ಕೈ ಚಾಚಿದಳು:

"ಹೊರಗಿನ ಡಾಕ್ಟರನ ಕೈಗುಣ ಹೋತು. ನೀನಽ ನೋಡವಾ ತಂಗಿ."